ಸಬ್‌ವೂಫರ್ ಒಂದು ಸಾಕೋ, ಎರಡು ಬೇಕೋ: ಅಡುಗೆಮನೆ ಬಾಗಿಲಿಂದ ಒಂದು ಮಾತು

ಸಬ್‌ವೂಫರ್ ವಿಷಯ ಅಂದ್ರೆ ಗಂಡಸರದ್ದು, ಹೆಂಗಸರಿಗೆ ಅದರಲ್ಲಿ ಎಂತ ಕೆಲಸ ಅಂತ ತುಂಬಾ ಜನ ತಿಳ್ಕೊಂಡಿದಾರೆ. ನಾನು ಹಂಗೆ ತಿಳ್ಕೊಂಡಿಲ್ಲ. ಆ ಕಪ್ಪು ಡಬ್ಬಿ ಕೂರೋದು ನಾನು ದಿನಾ ಗುಡಿಸಿ ಒರೆಸೋ ನೆಲದ ಮೇಲೆ. ಅದು ಗುಂಯ್ ಅಂದ್ರೆ ನಡುಗೋದು ನನ್ನ ಶೋಕೇಸಿನ ಗಾಜು. ಪಕ್ಕದ ಮನೆಯವರು ಬೇಜಾರು ಮಾಡ್ಕೊಂಡ್ರೆ ಬೆಳಿಗ್ಗೆ ರಂಗೋಲಿ ಹಾಕೋವಾಗ ಅವರ ಮುಖ ನೋಡ್ಬೇಕಾದೋಳೂ ನಾನೇ. ಹಂಗಾಗಿ ಒಂದು ತರೋದೋ ಎರಡು ತರೋದೋ ಅನ್ನೋ ಮಾತು ಬಂದಾಗ ನನಗೂ ಒಂದು ವೋಟಿದೆ.

ಆ ವೋಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡ್ತೀನಿ, ಕೊನೇವರೆಗೆ ಕಾಯಿಸೋದು ಬೇಡ. ಸಣ್ಣ ಹಾಲ್‌ನಲ್ಲಿ ಮನೆಮಂದಿ ನಾಲ್ಕೈದು ಜನ ಅಲ್ಲಲ್ಲಿ ಕೂತು ನೋಡೋದಾದ್ರೆ ಒಂದು ದೊಡ್ಡ ಸಬ್‌ವೂಫರ್‌ಗಿಂತ ಎರಡು ಸಣ್ಣವು ವಾಸಿ. ಒಬ್ಬರೇ ಕೂತು ನೋಡೋ ಮನೆಗೆ ಒಂದೇ ಸಾಕು. ಎರಡನೇದನ್ನ ಇಡೋಕೆ ಪಕ್ಕದ ಮನೆಗೆ ಅಂಟಿಕೊಂಡ ಗೋಡೆ ಬಿಟ್ಟು ಬೇರೆ ಜಾಗ ಇಲ್ಲ ಅಂದ್ರೂ ಒಂದೇ ಸಾಕು. ಇನ್ನು ಬರೀ ಜೋರು ಸದ್ದು ಬೇಕು ಅಂತ ಎರಡು ತರೋರಿಗೆ ನನ್ನ ವೋಟಿಲ್ಲ.

ನಮ್ಮ ದುರ್ಗಿಗುಡಿ ನೋಡಿದೋರಿಗೆ ಗೊತ್ತು. ಮುಂದುಗಡೆ ಅಂಗಡಿ ಸಾಲು, ನರ್ಸಿಂಗ್ ಹೋಮು, ಮೆಡಿಕಲ್ ಶಾಪು, ಸ್ಕೂಟರ್ ನಿಲ್ಸೋಕೆ ಜಾಗ ಇಲ್ಲದ ರಸ್ತೆ. ಒಳಗೆ ಅಡ್ಡರಸ್ತೆಗೆ ತಿರುಗಿದ್ರೆ ಒಂದಕ್ಕೊಂದು ಭುಜ ಒತ್ತಿಕೊಂಡು ನಿಂತ ಮನೆಗಳು. ಅಲ್ಲೊಂದು ಇಲ್ಲೊಂದು ಹಳೇ ಹೆಂಚಿನ ಮನೆ ಉಳಿದಿದೆ, ಮಿಕ್ಕಿದ್ದೆಲ್ಲ ಆರ್‌ಸಿಸಿ. ಇಂಥಾ ಮನೆಗಳ ಹಾಲು ದೊಡ್ಡದು ಅಂದ್ರೆ ಎಷ್ಟಿರುತ್ತೆ? ನಮ್ಮದು 14 ಅಡಿ ಉದ್ದ, 12 ಅಡಿ ಅಗಲ, ಮೇಲೆ 10 ಅಡಿಗೆ ತಾರಸಿ. ಅದರಲ್ಲೇ ಸೋಫಾ, ಅತ್ತೆಯ ದಿವಾನು, ಶೋಕೇಸು, ಟಿವಿ ಸ್ಟ್ಯಾಂಡು. ಹೋಂ ಥಿಯೇಟರ್ ಅಂತ ದೊಡ್ಡ ಹೆಸರು, ಜಾಗ ಮಾತ್ರ ಇಷ್ಟೇ.

ನಾನು ಭದ್ರಾವತಿ ಆಕಾಶವಾಣಿ ಕೇಳ್ತಾ ಬೆಳೆದೋಳು. ಆಗಿನ ಅಂಗೈ ಅಗಲದ ಸ್ಪೀಕರಿನ ರೇಡಿಯೋದಲ್ಲಿ ಮೃದಂಗದ ಎಡಗಡೆ ನಾದ ಬರ್ತಾನೇ ಇರಲಿಲ್ಲ, ನಾವೇ ಮನಸ್ಸಲ್ಲಿ ತುಂಬಿಕೊಳ್ತಿದ್ವಿ. ಎದೆಗೆ ತಾಗೋ ಸದ್ದು ಬೇಕು ಅಂದ್ರೆ ಲಕ್ಷ್ಮೀ ಟಾಕೀಸಿಗೋ ಎಚ್‌ಪಿಸಿಗೋ ಹೋಗ್ಬೇಕಿತ್ತು, ಇಲ್ಲ ಜಾತ್ರೇಲಿ ಡೊಳ್ಳು ಬಡಿಯೋರ ಪಕ್ಕ ನಿಲ್ಬೇಕಿತ್ತು. ಈಗ ಅದೇ ಸದ್ದು ಮನೆಗೆ ಬಂದಿದೆ. 2022ರ ಸೆಪ್ಟೆಂಬರ್ ಕೊನೇಲಿ 'ಕಾಂತಾರ' ಬಂತಲ್ಲ, ಅದನ್ನ ಆಮೇಲೆ ಮನೆ ಟಿವೀಲಿ ನೋಡಿದ ಎಷ್ಟೋ ಜನಕ್ಕೆ ಟಿವಿಯ ಸ್ಪೀಕರ್ ಸಾಲ್ದು ಅನ್ನಿಸಿದ್ದೇ ಅವತ್ತು. ಅದಕ್ಕೆ ಸಂಗೀತ ಕೊಟ್ಟ ಅಜನೀಶ್ ಲೋಕನಾಥ್ ನಮ್ಮ ಭದ್ರಾವತಿಯವರೇ. ನಮ್ಮೂರ ಕಡೆಯವರ ಡೋಲಿನ ಪೆಟ್ಟು ನಮ್ಮನೇಲಿ ಸರಿಯಾಗಿ ಕೇಳ್ಬೇಕು ಅನ್ನೋ ಆಸೆ ತಪ್ಪಲ್ಲ. ಆದರೆ ಥಿಯೇಟರಿನ ಹಾಲ್ ಬೇರೆ, ನಮ್ಮ 14 ಅಡಿ ಹಾಲ್ ಬೇರೆ. ತೊಂದರೆ ಶುರುವಾಗೋದೇ ಅಲ್ಲಿ.

ಬಚ್ಚಲುಮನೇಲಿ ಹಾಡು ಗುನುಗೋರು ಒಂದು ಗಮನಿಸಿರ್ತೀರಿ. ಎಲ್ಲ ಸ್ವರಾನೂ ಒಂದೇ ಥರ ಕೇಳಲ್ಲ, ಯಾವುದೋ ಒಂದೆರಡು ಸ್ವರ ಮಾತ್ರ ಗೋಡೆ ತುಂಬಾ ತುಂಬಿಕೊಂಡು ಬರುತ್ತೆ. ಆ ಸ್ವರ ಬಚ್ಚಲುಮನೇದು, ನಮ್ಮ ಗಂಟಲಿನ ಸಾಧನೆ ಏನಿಲ್ಲ ಅದರಲ್ಲಿ. ಹಾಲ್‌ಗೂ ಹಂಗೇ ಅದರದ್ದೇ ಸ್ವರ ಇರುತ್ತೆ. ಲೆಕ್ಕ ಸುಲಭ, ಪಿಯುಸಿ ಓದಿದ ನನಗೇ ಬಂತು. ಶಬ್ದ ಒಂದು ಸೆಕೆಂಡಿಗೆ ಸುಮಾರು 1125 ಅಡಿ ಹೋಗುತ್ತೆ. ಅದರ ಅರ್ಧ, ಅಂದ್ರೆ 563ನ್ನ ನಿಮ್ಮ ಹಾಲ್‌ನ ಉದ್ದದ ಅಡಿಯಿಂದ ಭಾಗಿಸಿ. ನಮ್ಮ 14 ಅಡಿಗೆ 40 ಹರ್ಟ್ಜ್ ಬರುತ್ತೆ. 12 ಅಡಿ ಅಗಲಕ್ಕೆ 47. ಮೇಲಿನ 10 ಅಡಿಗೆ 56. ಈ ಮೂರು ನಮ್ಮ ಹಾಲ್‌ನ ಮೊದಲ ಸ್ವರಗಳು. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ನಾದ 41 ಹರ್ಟ್ಜ್. ಅಂದ್ರೆ ಸಿನಿಮಾ ಹಾಡಲ್ಲಿ ಆ ತಂತಿ ಮಿಡಿದಾಗೆಲ್ಲ ನಮ್ಮನೆ ಗೋಡೆನೂ ಜೊತೇಲಿ ಹಾಡುತ್ತೆ. ಇನ್ನು ಹಾಲ್ ಚೌಕ ಇದ್ರೆ, 12ಕ್ಕೆ 12 ಇದ್ರೆ, ಎರಡು ಸ್ವರ ಒಂದರ ಮೇಲೊಂದು ಕೂತು ಇನ್ನೂ ಗುಂಯ್‌ಗುಡುತ್ತೆ.

ಬರೀ ಗುಂಯ್ ಅಂದಿದ್ರೆ ಸಹಿಸಬಹುದಿತ್ತು. ಅದು ಎಲ್ಲ ಕಡೆ ಒಂದೇ ಸಮ ಅನ್ನಲ್ಲ, ಅದೇ ದೊಡ್ಡ ಕಷ್ಟ. ಉದ್ದದ ಟ್ರೇ ತುಂಬಾ ನೀರು ತಗೊಂಡು ನಡೆದು ನೋಡಿ. ನೀರು ಈ ತುದೀಲಿ ಏರುತ್ತೆ, ಆ ತುದೀಲಿ ಇಳಿಯುತ್ತೆ, ಮತ್ತೆ ಅದಲು ಬದಲು. ಎರಡು ತುದೀಲೂ ಕುಣಿತ, ಮಧ್ಯದ ನೀರಿನ ಮಟ್ಟ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ. ಹಾಲ್‌ನಲ್ಲಿ ಗಾಳಿಯ ಒತ್ತಡಾನೂ ಹಿಂಗೇ. 40 ಹರ್ಟ್ಜ್ ನಾದ ಟಿವಿ ಗೋಡೆ ಹತ್ರ ಜೋರು, ಹಿಂದಿನ ಗೋಡೆ ಹತ್ರ ಜೋರು, ನಡುಮಧ್ಯ ಏಳು ಅಡಿಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮೂಲೇಲಿ ಕೂತೋರಿಗೆ ಉದ್ದದ್ದು, ಅಗಲದ್ದು ಎರಡೂ ಸೇರಿ ಬಡಿಯುತ್ತೆ.

ಈಗ ನಮ್ಮನೆ ನಕ್ಷೆ ಹೇಳ್ತೀನಿ. ಸೋಫಾ ಇರೋದು ಹಾಲ್‌ನ ನಡುಮಧ್ಯದಲ್ಲಿ, ಅದರಲ್ಲಿ ರಿಮೋಟ್ ಹಿಡಿದು ಕೂರೋದು ನಮ್ಮನೆಯವರು. ಹಿಂದಿನ ಮೂಲೇಲಿ ದಿವಾನು, ಅದರ ಮೇಲೆ 80 ದಾಟಿದ ಅತ್ತೆ. ನಾನು ಅಡುಗೆಮನೆ ಬಾಗಿಲ ಹತ್ರ ಸ್ಟೂಲ್ ಹಾಕ್ಕೊಂಡು ಕೂರ್ತೀನಿ, ಒಲೆ ಮೇಲೆ ಒಂದು ಕಣ್ಣು, ಟಿವಿ ಮೇಲೆ ಒಂದು ಕಣ್ಣು. ಒಂದೇ ಸಬ್‌ವೂಫರ್ ಇದ್ದಾಗ ಏನಾಗ್ತಿತ್ತು ಅಂದ್ರೆ, ಇವರಿಗೆ ಕುಳಿತ ಜಾಗದಲ್ಲಿ ಪೆಟ್ಟೇ ಕೇಳ್ತಿರಲಿಲ್ಲ. 'ಎಂತ ಬೇಸೇ ಇಲ್ಲ ಇದರಲ್ಲಿ' ಅಂತ ಎದ್ದು ಹೋಗಿ ಗುಂಡಿ ತಿರುಗಿಸೋರು. ಅತ್ತೆ ಮೂಲೇಲಿ ಎದೆ ಹಿಡ್ಕೊಳ್ಳೋರು. 'ಯಾರೋ ಎದೆ ಒಳಗೆ ಒನಕೆಲಿ ಕುಟ್ಟಿದ ಹಾಗೆ ಆಗ್ತದೆ ಮಾರಾಯ, ಕಡಿಮೆ ಮಾಡೋ' ಅಂತ ಮಗನಿಗೆ ಹೇಳೋರು. ಮಗ ತಿರುಗಿ ನೋಡಿ, 'ಅಮ್ಮ, ಇಲ್ಲಿ ಏನೂ ಕೇಳ್ತಾನೇ ಇಲ್ಲ' ಅನ್ನೋರು. ಇಬ್ಬರೂ ನಿಜಾನೇ ಹೇಳ್ತಿದ್ರು. ಆ ಡಬ್ಬಿಗೆ ಜಾಗ ನೋಡಿ ಬಡಿಸೋ ಗುಣ.

ನನಗೆ ಸಿಟ್ಟು ಬರೋದು ಇಲ್ಲೇ. ಪಂಕ್ತೀಲಿ ಬಡಿಸೋವಾಗ ಒಬ್ಬರ ಎಲೆಗೆ ಪಾಯಸ ಸುರಿದು ಇನ್ನೊಬ್ಬರ ಎಲೆ ಹಂಗೇ ದಾಟಿಕೊಂಡು ಹೋದ್ರೆ ಸುಮ್ನಿರ್ತೀವಾ? ಆದರೆ ಹೋಂ ಥಿಯೇಟರ್ ಅಂದ ತಕ್ಷಣ ಎಲ್ಲ ಹೊಂದಾಣಿಕೆನೂ ಸೋಫಾದ ನಡುವಿನ ಒಂದು ತಲೆಗೆ ಆಗುತ್ತೆ. ರಿಸೀವರ್ ಜೊತೆ ಬರೋ ಮೈಕನ್ನ ಮೊದಲು ಇಡೋದೂ ಅದೇ ಜಾಗಕ್ಕೆ. ಮೂಲೇಲಿ ಕೂತ ಮುದುಕಿಗೆ, ಬಾಗಿಲಲ್ಲಿ ಕೂತ ಹೆಂಗಸಿಗೆ, ನೆಲದ ಮೇಲೆ ಕೂತ ಮಕ್ಕಳಿಗೆ ಹೆಂಗೆ ಕೇಳುತ್ತೆ ಅಂತ ಯಾರೂ ವಿಚಾರಿಸಲ್ಲ.

ಅತ್ತೆ ವಿಷಯದಲ್ಲಿ ಇನ್ನೂ ಒಂದಿದೆ. ವಯಸ್ಸಾದ ಕಿವಿ ಮೊದಲು ಕಳ್ಕೊಳ್ಳೋದು ಸಣ್ಣ, ಚೂಪಾದ ಸದ್ದನ್ನ. ಸ, ಶ, ತ, ಕ ಇಂಥಾ ಅಕ್ಷರಗಳ ಗುರುತು ಇರೋದು ಆ ಚೂಪಿನಲ್ಲೇ. ದಪ್ಪ ಸದ್ದು ಅವರಿಗೆ ಚೆನ್ನಾಗೇ ಕೇಳುತ್ತೆ. ಹಂಗಾಗಿ ಮೂಲೆಯ ಗುಂಯ್ ಬಂದು ಮಾತಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತ್ಕೊಳ್ಳುತ್ತೆ. 'ಏನಂದ ಅವನು?' ಅಂತ ಅತ್ತೆ ಐದು ನಿಮಿಷಕ್ಕೊಮ್ಮೆ ಕೇಳೋದಕ್ಕೆ ಕಿವಿ ಮಂದ ಆಗಿರೋದು ಅರ್ಧ ಕಾರಣ, ಆ ಡಬ್ಬಿ ಇನ್ನರ್ಧ. ಮನೇಲಿ ಹಿರಿಯರಿದ್ರೆ ಈ ಮಾತು ನೆನಪಿಟ್ಕೊಳ್ಳಿ.

ಇದಕ್ಕೆ ಎರಡನೇ ಡಬ್ಬಿ ಹೆಂಗೆ ಮದ್ದಾಗುತ್ತೆ ಅಂದ್ರೆ, ಮತ್ತೆ ಟ್ರೇ ನೀರಿಗೇ ಬರ್ತೀನಿ. ಒಂದೇ ತುದಿಯಿಂದ ಅಲುಗಿಸಿದ್ರೆ ನೀರು ಆ ಕಡೆ ಈ ಕಡೆ ಹೊಯ್ದಾಡುತ್ತೆ. ಎರಡೂ ತುದಿಯಿಂದ ಒಂದೇ ಹೊತ್ತಿಗೆ, ಒಂದೇ ಸಮ ಒತ್ತಿದ್ರೆ ಆ ಹೊಯ್ದಾಟ ಹುಟ್ಟೋಕೇ ಆಗಲ್ಲ, ಒಂದನ್ನೊಂದು ಹಿಡಿದು ನಿಲ್ಸುತ್ತೆ. ಟಿವಿ ಗೋಡೆ ಮಧ್ಯಕ್ಕೆ ಒಂದು, ಎದುರಿಗೆ ಹಿಂದಿನ ಗೋಡೆ ಮಧ್ಯಕ್ಕೆ ಒಂದು ಇಟ್ರೆ ಉದ್ದದ 40 ಹರ್ಟ್ಜ್ ಹೊಯ್ದಾಟ ಬಹಳ ಮಟ್ಟಿಗೆ ಸತ್ತೋಗುತ್ತೆ. ಎರಡೂ ಅಗಲದ ಮಧ್ಯದಲ್ಲೇ ಇರೋದ್ರಿಂದ 47ರದ್ದೂ ಏಳಲ್ಲ. ಅಮೆರಿಕದ ಹರ್ಮನ್ ಕಂಪನಿಯ ಟಾಡ್ ವೆಲ್ಟಿ ಅನ್ನೋರು 2002ರಲ್ಲಿ ಇದನ್ನೇ ಕೂತು ಲೆಕ್ಕ ಹಾಕಿ, ಆಯತದ ಕೋಣೇಲಿ ಎಷ್ಟು ಸಬ್‌ವೂಫರ್ ಎಲ್ಲೆಲ್ಲಿ ಇಟ್ರೆ ಎಲ್ಲ ಸೀಟಿಗೂ ಸಮ ಬರುತ್ತೆ ಅಂತ ನೋಡಿದ್ರು. ಎದುರು ಬದುರು ಗೋಡೆಗಳ ಮಧ್ಯದಲ್ಲಿ ಎರಡು ಇಡೋದು ಒಳ್ಳೇ ಉಪಾಯ, ನಾಲ್ಕು ಗೋಡೆಗೆ ನಾಲ್ಕು ಇಟ್ರೆ ಇನ್ನೂ ಚೆನ್ನ, ಅದಕ್ಕಿಂತ ಜಾಸ್ತಿ ಮಾಡಿ ದೊಡ್ಡ ಲಾಭ ಇಲ್ಲ ಅನ್ನೋದು ಅವರು ಕಂಡ್ಕೊಂಡಿದ್ದು. ನಾಲ್ಕು ಇಡೋ ಮನೆ ನಮ್ಮದಲ್ಲ ಬಿಡಿ. ನಾಲ್ಕನೇದನ್ನ ದೇವರಕೋಣೆ ಬಾಗಿಲಿಗೆ ಇಡ್ಬೇಕಾಗ್ತಿತ್ತು.

ಕೇಳಿದ್ದನ್ನ ನಂಬೋ ಬದಲು ನೋಡಿಯೇ ಬಿಡೋಣ ಅಂತ ತಂಗಿ ಮಗನ ಹತ್ರ ಅದೇ ಅಳತೆಯ ಇನ್ನೊಂದು ಸಬ್‌ವೂಫರ್ ಒಂದು ವಾರಕ್ಕೆ ಕೇಳಿ ತಂದ್ವಿ. ನಮ್ಮನೆಯವರು ಮಾತ್ರ ಶುರುವಿಂದ್ಲೂ ಒಂದರ ಪಕ್ಷ. 'ಒಂದಕ್ಕೇ ಗಾಜು ನಡುಗ್ತಿದೆ, ಇನ್ನೊಂದು ತಂದ್ರೆ ಶೋಕೇಸೇ ಕೆಳಗೆ ಬೀಳುತ್ತೆ ನೋಡು' ಅಂದ್ರು. ಬೆಂಗಳೂರಿಂದ ಮಗ ಫೋನಲ್ಲಿ, 'ಅಪ್ಪ, ಎರಡು ಇಟ್ಟ ಮೇಲೆ ಎರಡರದ್ದೂ ವಾಲ್ಯೂಮ್ ಇಳಿಸ್ಬೇಕು, ಅದನ್ನ ಮಾಡಿ ಆಮೇಲೆ ಮಾತಾಡಿ' ಅಂದ. ಇಳಿಸಿದ್ವಿ. ಒಂದು ಟಿವಿ ಸ್ಟ್ಯಾಂಡಿನ ಕೆಳಗೆ, ಇನ್ನೊಂದು ಸೋಫಾ ಹಿಂದೆ ಕಿಟಕಿ ಕೆಳಗೆ. ಅದೇ ಸಿನಿಮಾದ ಅದೇ ಹತ್ತು ನಿಮಿಷಾನ ಮೂರು ಸಲ ಹಾಕಿದ್ವಿ, ಪ್ರತಿ ಸಲಾನೂ ನಾನು, ಇವರು, ಅತ್ತೆ ಜಾಗ ಬದಲಾಯಿಸಿ ಕೂತ್ವಿ. ಸೋಫಾದಲ್ಲಿ ಇಲ್ಲದಿದ್ದ ಪೆಟ್ಟು ಬಂತು. ದಿವಾನಿನ ಮೂಲೇಲಿ ಇದ್ದ ಒನಕೆ ಏಟು ಇಳೀತು. ಶೋಕೇಸಿನ ಗಾಜು ಆ ಒಂದು ದೃಶ್ಯದಲ್ಲಿ ಮಾತ್ರ ಸ್ವಲ್ಪ ಗಿಜಿಗಿಜಿ ಅಂತು, ಮಿಕ್ಕಿದ್ದಕ್ಕೆ ಸುಮ್ನಿತ್ತು. ಅತ್ತೆ ಕೊನೇಗೆ ಹೇಳಿದ್ದು ಇಷ್ಟೇ: 'ಈಗ ಮಾತು ಕೇಳ್ತದೆ.' ನನಗೆ ಬೇರೆ ಸರ್ಟಿಫಿಕೇಟು ಬೇಕಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ವಾದಾನೂ ಹೇಳ್ಬೇಕು, ಒಂದೇ ಪಕ್ಷ ಹೇಳಿದ್ರೆ ಅದು ಅಂಗಡಿಯವರ ಮಾತಾಗುತ್ತೆ.

ಮೊದಲನೇದು ದುಡ್ಡು. ಎರಡು ಅಂದ್ರೆ ಎರಡರಷ್ಟು ಖರ್ಚು ಅಂತ ಹೆದರ್ಕೋತಾರೆ. ನಾನು ಹೇಳ್ತಿರೋದು ಒಂದು ದೊಡ್ಡದಕ್ಕೆ ಎತ್ತಿಟ್ಟ ದುಡ್ಡನ್ನೇ ಎರಡು ಸಣ್ಣದಕ್ಕೆ ಹಂಚಿ ಅಂತ. ದೋಸೆ ಲೆಕ್ಕದಲ್ಲಿ ಹೇಳ್ತೀನಿ. 12 ಇಂಚಿನ ಒಂದು ದೋಸೆ, 8 ಇಂಚಿನ ಎರಡು ದೋಸೆ, ಯಾವುದರಲ್ಲಿ ಹಿಟ್ಟು ಜಾಸ್ತಿ? 12ನ್ನ 12ರಿಂದ ಗುಣಿಸಿದ್ರೆ 144. 8ನ್ನ 8ರಿಂದ ಗುಣಿಸಿದ್ರೆ 64, ಎರಡು ಸೇರಿ 128. ಹೆಚ್ಚುಕಮ್ಮಿ ಸಮ. ಸ್ಪೀಕರಿನ ಕೋನು ಗಾಳಿ ತಳ್ಳೋ ಅಗಲಾನೂ ಇದೇ ಲೆಕ್ಕ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನ ಮುಚ್ಚಿಡಬಾರ್ದು. ದೊಡ್ಡ ಸಬ್‌ವೂಫರ್ ಸಾಮಾನ್ಯವಾಗಿ ಇನ್ನೂ ಆಳಕ್ಕೆ, 20-25 ಹರ್ಟ್ಜ್ ಹತ್ರದವರೆಗೂ ಹೋಗುತ್ತೆ. ಸಣ್ಣವು ಅದಕ್ಕಿಂತ ಮೇಲೇ ಸುಸ್ತಾಗ್ತವೆ. ಆ ಆಳದ ಸದ್ದು ಇಂಗ್ಲಿಷ್ ಸಿನಿಮಾದ ಸ್ಫೋಟ, ಭೂಕಂಪದಲ್ಲಿ ಬರುತ್ತೆ. ಹಾಡು, ಡೋಲು, ತಬಲ, ನಮ್ಮ ಸಿನಿಮಾ ಫೈಟಿಂಗು, ಇವಕ್ಕೆಲ್ಲ ಅಷ್ಟು ಆಳ ಬೇಕಾಗಲ್ಲ. ಸ್ಫೋಟಾನೇ ಮುಖ್ಯ ಅನ್ನೋ ಮನೆಯವರು ದೊಡ್ಡದೊಂದನ್ನೇ ತಗೊಳ್ಳಲಿ, ಅದು ಅವರ ರುಚಿ.

ಎರಡನೇದು, ರಿಸೀವರೇ ಎಲ್ಲ ಸರಿ ಮಾಡುತ್ತೆ ಅನ್ನೋ ಮಾತು. ಮೈಕ್ ಇಟ್ಟು ಟುಂಯ್ ಟುಂಯ್ ಅಂತ ಅಳತೆ ಮಾಡಿ ಸದ್ದು ಹೊಂದಿಸ್ಕೊಳ್ಳೋ ರಿಸೀವರ್ ಈಗ ಬೇಕಾದಷ್ಟಿವೆ. ಎಲ್ಲಿ ಉಬ್ಬಿದೆಯೋ ಅಲ್ಲಿ ಅದು ತಗ್ಗಿಸುತ್ತೆ, ನಿಜ. ಆದರೆ ಎಲ್ಲಿ ಸದ್ದೇ ಇಲ್ಲವೋ ಆ ಜಾಗ ತುಂಬಿಸೋದು ಅದರ ಕೈಲೂ ಆಗಲ್ಲ. ಅದು ತೂತಿನ ಕೊಡ, ಎಷ್ಟು ಸುರಿದ್ರೂ ಹೊರಗೇ ಹೋಗುತ್ತೆ, ಆಂಪ್ಲಿಫೈಯರ್ ಬಿಸಿಯಾಗೋದೊಂದೇ ಫಲ. ಒಂದೇ ಸಬ್‌ವೂಫರ್, ಒಂದೇ ಸೀಟು ಅನ್ನೋ ಮನೆಗೆ ಈ ಅಳತೆ ಸಾಕು. ನಾಲ್ಕು ಸೀಟಿದ್ರೆ, ಒಂದು ಸೀಟಿಗೆ ತಗ್ಗಿಸಿದ್ದು ಇನ್ನೊಂದು ಸೀಟಿಗೆ ಮೊದಲೇ ತಗ್ಗಾಗಿರುತ್ತೆ.

ಮೂರನೇದು, ಮತ್ತು ನನಗೆ ಎಲ್ಲಕ್ಕಿಂತ ದೊಡ್ಡದು, ಅಕ್ಕಪಕ್ಕದೋರು. ಮಾತಿನ ಸದ್ದನ್ನ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ತಡೆಯುತ್ತೆ. ಬೇಸನ್ನ ಅಷ್ಟು ಸುಲಭಕ್ಕೆ ತಡೆಯಲ್ಲ. ಹೆಂಚಿನ ಮನೆಯಾದ್ರೆ ಇನ್ನೂ ಸಲೀಸು, ಮೇಲಿಂದಾನೇ ಹೊರಗೆ ಹೋಗುತ್ತೆ. ನಮ್ಮ ಬೀದೀಲಿ ಬಾಣಂತಿ ಇರ್ತಾರೆ, ಪರೀಕ್ಷೆಗೆ ಓದೋ ಮಕ್ಕಳಿರ್ತಾರೆ, ನರ್ಸಿಂಗ್ ಹೋಮಲ್ಲಿ ಆಪರೇಷನ್ ಮಾಡಿಸ್ಕೊಂಡು ಮಲಗಿದೋರು ಇರ್ತಾರೆ.

ಕಾನೂನು ಇದೆಯಲ್ಲ ಅಂತೀರಿ. ಇದೆ. ಕೇಂದ್ರ ಸರ್ಕಾರದ್ದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಮನೆಗಳಿರೋ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದ್ರೆ ಹತ್ತರಿಂದ ಬೆಳಿಗ್ಗೆ ಆರು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರು ಮೌನ ವಲಯ ಅಂತ ಘೋಷಣೆ ಆದ ಕಡೆ ಹಗಲು 50, ರಾತ್ರಿ 40. ಆದರೆ ಈ ಅಳತೇಲಿ ಒಂದು ಕಿಂಡಿ ಇದೆ. ಅಳೆಯೋ ಮೀಟರು ನಮ್ಮ ಕಿವಿಯ ಹಾಗೆ ಕೇಳ್ಲಿ ಅಂತ ದಪ್ಪ ಸದ್ದನ್ನ ಕಡಿಮೆ ಲೆಕ್ಕಕ್ಕೆ ತಗೊಳ್ಳುತ್ತೆ. 50 ಹರ್ಟ್ಜ್ ನಾದ ಆದ್ರೆ ಸುಮಾರು 30 ಡೆಸಿಬಲ್ ಕಳೆದೇ ಬರ್ಕೊಳ್ಳುತ್ತೆ. ಅಂದ್ರೆ ನಿಜಕ್ಕೂ 75 ಇರೋ ಗುಂಯ್ ಮೀಟರಿನಲ್ಲಿ 45 ಅಂತ ಕಾಣುತ್ತೆ. ಕಾಗದದ ಮೇಲೆ ಎಲ್ಲ ಸರಿ, ಪಕ್ಕದ ಮನೆ ಮಂಚ ಮಾತ್ರ ನಡುಗ್ತಾನೇ ಇರುತ್ತೆ. ಹಂಗಾಗಿ ಈ ವಿಷಯದಲ್ಲಿ ಮೀಟರಿಗಿಂತ ಪಕ್ಕದ ಮನೆಯಮ್ಮನ ಮಾತು ದೊಡ್ಡದು. ಸಬ್‌ವೂಫರ್ ಹಾಕಿದ ದಿನ ಅವರ ಮನೆಗೇ ಹೋಗಿ ಐದು ನಿಮಿಷ ಕೂತು ಕೇಳಿ ಬನ್ನಿ. ನಾನು ಹಂಗೇ ಮಾಡಿದೆ. ಅವರ ಮಲಗೋ ಕೋಣೇಲಿ ಕೂತು, ಇವರಿಗೆ ಫೋನ್ ಮಾಡಿ, 'ಈಗ ಸ್ವಲ್ಪ ಏರಿಸಿ, ಈಗ ಇಳಿಸಿ' ಅಂತ ಹೇಳಿ, ಎಲ್ಲಿಗೆ ಕೇಳ್ಸಲ್ವೋ ಅಲ್ಲಿ ಗುಂಡಿ ಮೇಲೆ ಸುಣ್ಣದ ಬೊಟ್ಟು ಇಟ್ಟಿದೀನಿ. ರಾತ್ರಿ ಹತ್ತಾದ ಮೇಲೆ ಆ ಬೊಟ್ಟು ದಾಟಂಗಿಲ್ಲ.

ಎರಡು ಇದ್ರೆ ಪಕ್ಕದ ಮನೆಗೆ ತೊಂದರೆ ಜಾಸ್ತಿ ಅಲ್ವಾ ಅಂತ ಕೇಳ್ತಾರೆ. ಗುಂಡಿ ಇದ್ದಲ್ಲೇ ಬಿಟ್ಟು ಎರಡನೇದನ್ನ ಸೇರಿಸಿದ್ರೆ ಖಂಡಿತ ಜಾಸ್ತಿ. ಎರಡನ್ನೂ ಒಟ್ಟಿಗೆ ಪಕ್ಕಪಕ್ಕ ಇಟ್ರಂತೂ 6 ಡೆಸಿಬಲ್‌ವರೆಗೆ ಏರುತ್ತೆ, ಸಮ ಮಾತ್ರ ಆಗಲ್ಲ, ಬರೀ ಜೋರಾಗುತ್ತೆ. ಬೇರೆ ಬೇರೆ ಇಟ್ಟು, ಎರಡನ್ನೂ ಇಳಿಸಿದ್ರೆ, ಸೋಫಾದಲ್ಲಿ ಕೇಳೋಕೋಸ್ಕರ ಇಡೀ ಮನೆ ನಡುಗಿಸೋ ಕೆಲಸ ತಪ್ಪುತ್ತೆ. ಒಂದು ಮಾತ್ರ ನೆನಪಿರ್ಲಿ, ಎರಡು ಮನೆಗೂ ಸೇರಿದ ಗೋಡೆಗೆ ಸಬ್‌ವೂಫರ್ ಒರಗಿಸಬಾರ್ದು. ಅಲ್ಲಿ ಬಿಟ್ಟು ಬೇರೆ ಜಾಗವೇ ಇಲ್ಲ ಅಂದ್ರೆ ಎರಡರ ಆಸೆ ಬಿಡಿ. ಇದ್ದ ಒಂದನ್ನೇ ಸೋಫಾದ ಬೆನ್ನಿಗೆ ಹತ್ರ ಇಡಿ. ಕಿವಿಗೆ ಹತ್ರ ಇದ್ದಷ್ಟೂ ಕಡಿಮೆ ಸದ್ದಲ್ಲೇ ಸಾಕಾಗುತ್ತೆ, ಊರಿಗೆಲ್ಲ ಹಂಚೋದು ತಪ್ಪುತ್ತೆ.

ಎರಡು ತರೋದು ಅಂತ ತೀರ್ಮಾನ ಆದೋರಿಗೆ ಕೆಲವು ಮಾತು. ಪೆಟ್ಟಿಗೆ ಸೆಟ್ಟು ಅಂತ ಎಲ್ಲ ಒಟ್ಟಿಗೆ ಬರೋ ಹೋಂ ಥಿಯೇಟರಿಗೂ, ಬಹಳಷ್ಟು ಸೌಂಡ್‌ಬಾರ್‌ಗಳಿಗೂ ಎರಡನೇ ಸಬ್‌ವೂಫರ್ ಸೇರಿಸೋಕೆ ದಾರಿ ಇರಲ್ಲ, ತಗೊಳ್ಳೋಕೆ ಮೊದಲೇ ಕೇಳಿ. ರಿಸೀವರ್ ಇದ್ದು, ಅದರ ಹಿಂದೆ ಸಬ್‌ವೂಫರಿನ ತೂತು ಒಂದೇ ಇದ್ರೂ ಯೋಚನೆ ಇಲ್ಲ, ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಬಾಯಿ ಇರೋ ಕೇಬಲ್ ಸಿಗುತ್ತೆ, ಅದು ಸಾಕು. ಎರಡೂ ಒಂದೇ ಮಾಡೆಲ್ ಇರ್ಲಿ. ಅಕ್ಕತಂಗಿ ಒಂದೇ ಶ್ರುತೀಲಿ ಹಾಡಿದ ಹಾಗೆ ಇರ್ಬೇಕು, ಒಂದು ಮುಂದೆ ಒಂದು ಹಿಂದೆ ಆಗಬಾರ್ದು. ಹಿಂದುಗಡೆ ಫೇಸ್ ಅಂತ 0, 180 ಬರೆದ ಸ್ವಿಚ್ಚಿರುತ್ತೆ. ಒಬ್ಬರು ಸೋಫಾದಲ್ಲಿ ಕೂತು, ಇನ್ನೊಬ್ಬರು ಒಂದರ ಸ್ವಿಚ್ಚು ಮಾತ್ರ ಅತ್ತಿತ್ತ ಮಾಡಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತೋ ಅದು ಸರಿ. ಉಲ್ಟಾ ಆದ್ರೆ ಎರಡೂ ಒಂದನ್ನೊಂದು ತಿಂದುಹಾಕ್ತವೆ, ದುಡ್ಡು ಕೊಟ್ಟು ತಂದ ಎರಡನೇದು ಮೊದಲನೇದನ್ನೂ ಕೆಡಿಸಿದ ಹಾಗೆ. ಕ್ರಾಸೋವರ್ ಅನ್ನೋದನ್ನ 80ಕ್ಕೆ ಇಡಿ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿಂದ ಬಂತು ಅಂತ ಕಿವಿಗೆ ಗೊತ್ತಾಗಲ್ಲ. 120 ದಾಟಿಸಿದ್ರೆ ಹೀರೋ ಮಾತು ಸೋಫಾ ಹಿಂದಿಂದ ಬಂದ ಹಾಗೆ ಆಗುತ್ತೆ.

ಗೋಡೆ ಮಧ್ಯ ಸಿಗಲ್ಲ ಅನ್ನೋರು ಟಿವಿಯ ಎರಡೂ ಪಕ್ಕದ ಮೂಲೆಗೆ ಒಂದೊಂದು ಇಡಬಹುದು. ಅಗಲದ ಹೊಯ್ದಾಟ ಹೋಗುತ್ತೆ, ಉದ್ದದ್ದು ಉಳಿಯುತ್ತೆ, ಅರ್ಧ ಲಾಭ. ಆಗ ಸೋಫಾನ ನಡುಮಧ್ಯದಿಂದ ಒಂದೆರಡು ಅಡಿ ಹಿಂದಕ್ಕೋ ಮುಂದಕ್ಕೋ ಸರಿಸಿ. ಇದಕ್ಕೆ ಖರ್ಚೇ ಇಲ್ಲ, ಎಷ್ಟೋ ಮನೆಗೆ ಇಷ್ಟರಲ್ಲೇ ಅರ್ಧ ಕಾಯಿಲೆ ವಾಸಿಯಾಗುತ್ತೆ. ಒಂದೇ ಸಬ್‌ವೂಫರ್ ಇರೋರಿಗೂ ಒಂದು ಉಪಾಯ ಇದೆ. ಡಬ್ಬಿನ ಸೋಫಾ ಮೇಲೆ ಕೂರಿಸಿ, ಬೇಸ್ ಇರೋ ಹಾಡು ಹಾಕಿ, ನೀವು ಗೋಡೆ ಪಕ್ಕ ನೆಲದ ಮೇಲೆ ಅಂಬೆಗಾಲಿಟ್ಕೊಂಡು ಸುತ್ತ ಹೋಗಿ. ಎಲ್ಲಿ ನಾದ ಸಮ ಕೇಳುತ್ತೋ ಅಲ್ಲಿ ಡಬ್ಬಿ ಇಡಿ. ನಮ್ಮನೆಯವರು ಹಂಗೆ ಹೋಗಿದ್ದು ನೋಡಿ ಅತ್ತೆ ನಕ್ಕಿದ್ದು ನಕ್ಕಿದ್ದೇ. 'ನೆಲ ಒರೆಸೋಕೆ ಯಾವತ್ತೂ ಬಗ್ಗದ ಸೊಂಟ ಇದಕ್ಕೆ ಬಗ್ಗಿತಲ್ಲ' ಅಂದ್ರು.

ನಮ್ಮ ಮಲೆನಾಡಿನ ಮಳೆಗಾಲಕ್ಕೂ ಒಂದು ಮಾತು. ಗೋಡೆ ತೇವ ಹಿಡಿಯೋ ಕಡೆ ಡಬ್ಬಿನ ಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ, ಕೆಳಗೆ ಹಲಗೆ ಚೂರು ಹಾಕಿ. ಗುಡುಗು ಸಿಡಿಲು ಇದ್ರೆ ಪ್ಲಗ್ ಕಿತ್ತಿಡಿ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಎರಡೆರಡು ಸಬ್‌ವೂಫರ್ ಓಡಿಸೋ ಹಟ ಬೇಡ. ಅವತ್ತು ಬರೀ ಟಿವಿ ಸ್ಪೀಕರಲ್ಲಿ ನೋಡಿ, ಏನೂ ಮುಳುಗಿಹೋಗಲ್ಲ.

ಇನ್ನು ತರೋದು ಬಿಡೋದು ನಿಮ್ಮಿಷ್ಟ. ಆದರೆ ಅಂಗಡಿಗೆ ಹೋಗೋ ಮೊದಲು ಒಂದು ಹಾಳೆ ಮೇಲೆ ಹಾಲ್‌ನ ಚಿತ್ರ ಬರೀರಿ. ಉದ್ದ ಅಗಲ ಅಡಿಯಲ್ಲಿ ಹಾಕಿ. ಯಾರ್ಯಾರು ಎಲ್ಲೆಲ್ಲಿ ಕೂರ್ತಾರೆ ಅಂತ ಹೆಸರು ಹಾಕಿ, ಅಜ್ಜಿ, ಮೊಮ್ಮಗು, ಕೆಲಸ ಮುಗಿಸಿ ಅರ್ಧ ಸಿನಿಮಾಕ್ಕೆ ಬಂದು ಕೂರೋ ಮನೆಯೊಡತಿ, ಎಲ್ಲರದ್ದೂ. ಗೋಡೆ ಆಚೆ ಯಾರು ಮಲಗ್ತಾರೆ ಅನ್ನೋದನ್ನೂ ಬರೀರಿ. ಹಾಳೇಲಿ ಒಂದೇ ಹೆಸರಿದ್ರೆ ಒಂದು ಸಬ್‌ವೂಫರ್ ತನ್ನಿ. ನಾಲ್ಕು ಹೆಸರಿದ್ದು, ಎದುರು ಬದುರು ಎರಡು ಗೋಡೇಲಿ ಜಾಗ ಇದ್ರೆ, ಎರಡು ಸಣ್ಣವು ತನ್ನಿ, ತಂದು ಎರಡನ್ನೂ ಇಳಿಸಿ ಹಾಕಿ. ನಮ್ಮನೇಲಿ ತಂಗಿ ಮಗನದ್ದನ್ನ ವಾಪಸ್ ಕೊಟ್ಟು ದೀಪಾವಳಿಗೆ ನಮ್ಮದೇ ಇನ್ನೊಂದು ತರೋದು ಅಂತ ಆಗಿದೆ. ನಮ್ಮನೆಯವರು ಇನ್ನೂ ಬಾಯಿಬಿಟ್ಟು ಹೂಂ ಅಂದಿಲ್ಲ. ಆದರೆ ಕಿಟಕಿ ಕೆಳಗಿದ್ದ ಹಳೇ ಪೇಪರಿನ ಕಟ್ಟು ಮೊನ್ನೆ ಅವರೇ ಎತ್ತಿ ಗುಜರಿಗೆ ಹಾಕಿ ಬಂದ್ರು.